ಶನಿಯ ಆಚೆಯ ಸವತಿ

ಧಾರಾವಾಹಿಯ ನಾಯಕಿಗೆ ಫೋನ್ ಮಾಡಿದರೆ ಅವಳೇ ಎತ್ತಿಕೊಂಡು ಮಾತಾಡುವಂತಿದ್ದರೆ ಹೇಗೆ ಎಂದು ಮೊದಲು ಯೋಚಿಸಿದವರು ಮೈಸೂರಿನ ಹುಣಸೂರು ರಸ್ತೆಯ ಒಂದು ಸ್ಟುಡಿಯೋದವರು. ಇದರಿಂದ ಜಾಹೀರಾತು ಹೆಚ್ಚುತ್ತದೆ ಎಂದು ಅವರ ಲೆಕ್ಕ. ಜಾಹೀರಾತೇನೋ ಹೆಚ್ಚಿತು. ಜೊತೆಗೆ, ಅವರ ಲೆಕ್ಕದಲ್ಲಿ ಇಲ್ಲದ ಇನ್ನೊಂದು ಸಂಗತಿ ನಡೆಯಿತು: ನಂಜುಮಳಿಗೆಯ ಒಂದು ಬಾಡಿಗೆ ಮನೆಯಲ್ಲಿ ಸರ್ವಮಂಗಳ ಎಂಬ ನಲವತ್ತೆಂಟು ವರ್ಷದ ಹೆಂಗಸಿಗೆ ಸವತಿ ಬಂದಳು. ಸವತಿಯ ವಾಸ ಶನಿಗ್ರಹದ ಆಚೆ. ಧ್ವನಿ ಮಾತ್ರ ಸರ್ವಮಂಗಳಳದೇ.

ಸವತಿಯ ಹೆಸರು ಕ್ಯಾಪ್ಟನ್ ಮೇದಿನಿ. ‘ಏಳನೇ ಕಕ್ಷೆ’ ಧಾರಾವಾಹಿಯಲ್ಲಿ ಅವಳು ತ್ರಿಶಂಕು ಎಂಬ ನೌಕೆಯನ್ನು ನಡೆಸುತ್ತಾಳೆ. ಅವಳಿಗಿಂತ ಮೊದಲು ನಮ್ಮ ಕಿರುತೆರೆಯ ನಾಯಕಿಯರು ಸುರಿಸಿದ ಕಣ್ಣೀರನ್ನು ಒಂದೆಡೆ ಕೂಡಿಹಾಕಿದ್ದರೆ ಕನ್ನಂಬಾಡಿ ಕಟ್ಟೆಗೆ ಮಳೆಯ ಹಂಗು ಇರುತ್ತಿರಲಿಲ್ಲ. ಮೇದಿನಿ ನಾನೂರ ಹನ್ನೆರಡು ಕಂತುಗಳಲ್ಲಿ ಒಮ್ಮೆಯೂ ಅತ್ತಿರಲಿಲ್ಲ. ಅವಳಿಗೆ ಅತ್ತೆಯಿಲ್ಲ, ನಾದಿನಿಯಿಲ್ಲ, ಕದ್ದು ಕೇಳಿಸಿಕೊಳ್ಳಲು ಬಾಗಿಲ ಮರೆಯೂ ಇಲ್ಲ. ನೌಕೆಯ ಗೋಡೆಯಲ್ಲಿ ತೂತು ಬಿದ್ದು ಗಾಳಿ ಸೋರುತ್ತಿದ್ದರೆ ಅವಳು ಗಡಿಯಾರ ನೋಡಿ, “ಮೂರು ನಿಮಿಷ ಇದೆ. ಸಾಕು,” ಎನ್ನುತ್ತಾಳೆ.

ಆ ‘ಸಾಕು’ ಊರಿಗೆಲ್ಲ ಹಬ್ಬಿತ್ತು. ದೇವರಾಜ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ಚೌಕಾಸಿಯನ್ನು ಅದೇ ಮಾತಿನಿಂದ ಮುಗಿಸುತ್ತಿದ್ದಳು. ಕುವೆಂಪುನಗರದಲ್ಲಿ ಹೆಣ್ಣು ನೋಡಲು ಹೋದ ಹುಡುಗನೊಬ್ಬನಿಗೆ ಹುಡುಗಿ ಕಾಫಿ ಕೊಟ್ಟು ಎದುರಿಗೆ ಕೂತು, ಮೇದಿನಿಯ ಹಾಗೆಯೇ, “ಈಗ ವರದಿ ಕೊಡಿ,” ಎಂದಳಂತೆ. ಅವನು ಕೊಟ್ಟ. ಆ ಮದುವೆ ಚೆನ್ನಾಗಿ ನಡೆಯುತ್ತಿದೆ ಎಂದು ಕೇಳಿದ್ದೇನೆ.

ಮೇದಿನಿಯ ಮೈ ಯಂತ್ರ ಬರೆದದ್ದು. ಮುಖ ಯಾರದೂ ಅಲ್ಲ. ಧ್ವನಿ ಮಾತ್ರ ಹುಟ್ಟಿಸಿದರೆ ಹುಟ್ಟುವ ವಸ್ತುವಲ್ಲವೆಂದು ಒಬ್ಬರದನ್ನು ತೆಗೆದುಕೊಂಡಿದ್ದರು. ಸರ್ವಮಂಗಳ ಹಿಂದೆ ಕಂಪನಿ ನಾಟಕದಲ್ಲಿ ರಾಣಿಯ ಪಾತ್ರ ಮಾಡಿದವಳು. ನಾಲ್ಕು ವರ್ಷದ ಕೆಳಗೆ ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಸಾವಿರದ ನೂರು ಗಂಟೆ ಓದಿಸಿದರು. ಅದರಿಂದ ಒಂದು ಧ್ವನಿಯಚ್ಚು ತಯಾರಾಯಿತು. ಕಂಚನ್ನು ಅಚ್ಚಿಗೆ ಹೊಯ್ಯುವಂತೆ ಇನ್ನು ಯಾವ ಮಾತನ್ನು ಹೊಯ್ದರೂ ಅದು ಮೇದಿನಿಯಾಗಿ ಹೊರಗೆ ಬರುತ್ತಿತ್ತು. ಮೇದಿನಿಗೆ ಸ್ವಭಾವ ಕೊಟ್ಟವರು ಸ್ಟುಡಿಯೋದ ಬರಹಗಾರರು: ಅವಳು ‘ನೋಡೋಣ’ ಎನ್ನುವುದಿಲ್ಲ, ಕನಿಕರ ಬೇಡುವುದಿಲ್ಲ, ಯಾರನ್ನೂ ಕೆಣಕುವುದಿಲ್ಲ. ಇಷ್ಟಾದ ಮೇಲೆ ಒಂದು ಫೋನ್ ನಂಬರು ಕೊಟ್ಟರು. ಬೆಳಗ್ಗೆ ಆರರಿಂದ ಎಂಟರವರೆಗೆ ಯಾರು ಬೇಕಾದರೂ ಕ್ಯಾಪ್ಟನ್ ಜೊತೆ ಹತ್ತು ನಿಮಿಷ ಮಾತಾಡಬಹುದು.

ಸರ್ವಮಂಗಳಳ ಗಂಡ ಗುರುಮಲ್ಲಪ್ಪ ದಿನವೂ ಮಾತಾಡುತ್ತಿದ್ದ.

ಅವನು ಅದೇ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮೇಷ್ಟ್ರಾಗಿದ್ದವನು. ಕಂಪನಿ ಮುಚ್ಚಿದ ಮೇಲೆ ಸಂತೆಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಿದ್ದ. ಬೆಳಗ್ಗೆ ಆರೂವರೆಗೆ ಹಿತ್ತಲ ಕಲ್ಲಿನ ಮೇಲೆ ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು, ಶನಿಯ ಆಚೆಗೆ ಹರಟುತ್ತಿದ್ದ. ನಡುನಡುವೆ ನಗುತ್ತಿದ್ದ. ಸರ್ವಮಂಗಳಳನ್ನು ಇರಿದದ್ದು ಆ ನಗು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವಳಿಗೆ ಆ ನಗುವಿನ ಪರಿಚಯವಿತ್ತು. ಕಳೆದೊಂದು ವರ್ಷದಿಂದ ಅದು ಅವಳ ಪಾಲಿಗೆ ಬಂದಿರಲಿಲ್ಲ.

“ಏನಂತೆ ಅವಳು?” ಎಂದಳು ಒಂದು ದಿನ, ಹಿತ್ತಲ ಬಾಗಿಲಲ್ಲಿ ನಿಂತು.

ಗುರುಮಲ್ಲಪ್ಪ ಅವಳನ್ನು ಕಂಡು ವೈರು ತೆಗೆದ. “ಹ್ಞೂ, ತಗೊಂಡು ಬಾ.”

ಅವನು ಕಾಫಿಯ ವಿಷಯ ಹೇಳುತ್ತಿದ್ದ. ಅವಳು ತಂದುಕೊಟ್ಟು, ಎದುರಿಗೇ ನಿಂತು ಕೇಳಿದಳು: “ದಿನಾ ಅವಳ ಹತ್ರ ಅದೇನು ಮಾತು?”

“ನಿನ್ನದೇ ಧ್ವನಿ ಅಲ್ವೇನೆ?” ಎಂದ ಅವನು ಅವಳ ತುಟಿಯನ್ನೇ ನೋಡುತ್ತ.

“ಧ್ವನಿ ನಂದು. ಮಾತು ನಂದಲ್ಲ.”

“ಹ್ಞೂ,” ಎಂದು ಅವನು ಲೋಟ ಕೆಳಗಿಟ್ಟ.

ಇಲ್ಲಿ ಆ ಮನೆಯ ಒಂದು ರೂಢಿಯನ್ನು ಹೇಳಬೇಕು. ಧ್ವನಿಯ ಕಸುಬಿನವರು ಮನೆಯಲ್ಲಿ ಗಂಟಲು ಸವೆಸುವುದಿಲ್ಲ. ಸರ್ವಮಂಗಳ ಸ್ಟುಡಿಯೋ ಸೇರಿದಂದಿನಿಂದ ಜ್ಯೇಷ್ಠಮಧುವಿನ ಬಿಸಿನೀರು ಕುಡಿಯುತ್ತ, ಪಕ್ಕದ ಕೋಣೆಯಲ್ಲಿ ಕೂಸು ಮಲಗಿದೆಯೇನೋ ಎಂಬಷ್ಟು ಮೆಲ್ಲಗೆ ಮಾತಾಡುತ್ತಿದ್ದಳು. ಬುಧವಾರ ಪೂರ್ತಿ ಮೌನ. ಬೇಕಾದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸುವುದು. ಗುರುವಾರ ಸ್ಟುಡಿಯೋಗೆ ಹೋದಾಗ ಗಂಟಲು ತೊಳೆದಿಟ್ಟ ಗಂಟೆಯ ಹಾಗಿರಬೇಕು. ಗುರುಮಲ್ಲಪ್ಪನೇ ಇದನ್ನು ಕಟ್ಟುನಿಟ್ಟಾಗಿ ನಡೆಸುತ್ತಿದ್ದ. ಅವಳು ಪಕ್ಕದ ಮನೆಯವಳನ್ನು ಕೂಗಿ ಕರೆದರೆ ಬೈಯುತ್ತಿದ್ದ.

ಗುರುವಾರದ ಕೆಲಸಕ್ಕೆ ಸ್ಟುಡಿಯೋದಲ್ಲಿ ‘ಮರೆಪಟ್ಟಿ’ ಎಂದು ಹೆಸರು. ಮೇದಿನಿಗೆ ಎಲ್ಲ ಪ್ರಶ್ನೆಗೂ ಉತ್ತರ ತಿಳಿದಿರುತ್ತಿರಲಿಲ್ಲ. ತಿಳಿಯದಾಗ ಅವಳು, “ನೌಕೆ ಟೈಟನ್ ಉಪಗ್ರಹದ ಮರೆಗೆ ಹೋಗುತ್ತಿದೆ. ಗುರುವಾರದ ನಂತರ ಸಿಗುತ್ತೇನೆ,” ಎಂದು ಸಂಪರ್ಕ ಕಡಿಯುತ್ತಿದ್ದಳು. ಒಬ್ಬ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು, ಟೈಟನ್ ಇಷ್ಟು ಸಲ ಅಡ್ಡ ಬರುವುದು ಸಾಧ್ಯವಿಲ್ಲವೆಂದು ಚಿತ್ರಸಹಿತ ಪತ್ರಿಕೆಗೆ ಬರೆದಿದ್ದರು. ಹಾಗೆ ಉಳಿದ ಪ್ರಶ್ನೆಗಳಿಂದ ಹೆಸರು ಅಳಿಸಿ, ಕೇಳಿದವರ ಧ್ವನಿಯನ್ನು ಸಪಾಟು ಮಾಡಿ ಪಟ್ಟಿಗೆ ಹಾಕುತ್ತಿದ್ದರು. ಬರಹಗಾರರು ಉತ್ತರ ಬರೆಯುತ್ತಿದ್ದರು. ಸರ್ವಮಂಗಳ ಗಾಜಿನ ಕೋಣೆಯಲ್ಲಿ ಅದನ್ನು ನುಡಿಯುತ್ತಿದ್ದಳು. ಯಂತ್ರ ಕಲಿತುಕೊಳ್ಳುತ್ತಿತ್ತು.

ಯಂತ್ರ ನಡೆಸುವವಳು ಝೀನತ್, ಮಂಡಿ ಮೊಹಲ್ಲಾದ ಹುಡುಗಿ, ಎಂಜಿನಿಯರು. ಗಾಜಿನ ಆಚೆ ಅವಳ ಮುಂದೆ ಒಂದು ಮಾಪಕ. ನುಡಿದದ್ದು ಮೇದಿನಿಗೆ ನೂರಕ್ಕೆ ಎಷ್ಟು ಹೊಂದುತ್ತದೆಂದು ಅದು ಹೇಳುತ್ತಿತ್ತು. ಎಂಬತ್ತಕ್ಕಿಂತ ಕೆಳಗಾದರೆ ತಿರುಗಿ ಹೇಳಬೇಕು.

“ಮೊದಲ್ನೇದು ಆಂಟಿ. ನಾದಿನಿ ನನ್ನ ಸೀರೆ ಉಟ್ಕೊಂಡು ಹೋಗಿ ವಾಪಸ್ ಕೊಡಲ್ಲ, ಏನು ಮಾಡ್ಲಿ ಅಂತ.”

ಸರ್ವಮಂಗಳ ಹಾಳೆ ನೋಡಿ ನುಡಿದಳು: “ನೌಕೆಯ ವಸ್ತು ನೌಕೆಗೆ ಮರಳಬೇಕು. ನಾಳೆ ಬೆಳಗ್ಗೆ ಹೋಗು. ಬಾಗಿಲಲ್ಲೇ ನಿಂತು ಕೇಳು.”

“ತೊಂಬತ್ಮೂರು,” ಎಂದಳು ಝೀನತ್. “ಸೂಪರ್.”

ಆ ಗುರುವಾರ ಸರ್ವಮಂಗಳ ಮಾತನ್ನು ಸುತ್ತಿ ಬಳಸಿ ತಂದಳು. “ಅಲ್ಲ ಕಣೆ, ಈ ಮದುವೆ ಆದ ಗಂಡಸ್ರು ಫೋನ್ ಮಾಡಿದಾಗ ಅವಳು ಸ್ವಲ್ಪ ಬಿಗಿಯಾಗಿರೋ ಹಾಗೆ ಮಾಡಕ್ಕಾಗಲ್ವಾ?”

“ಅವಳು ಎಲ್ಲರ ಹತ್ರನೂ ಬಿಗಿನೇ ಆಂಟಿ. ಅದಕ್ಕೇ ಗಂಡಸ್ರು ಬೀಳೋದು.”

“ಯಾರ್ಯಾರು ಏನೇನು ಮಾತಾಡ್ತಾರೆ ಅಂತ ನಿಂಗೆ ಕೇಳ್ಸುತ್ತಾ?”

“ಕೇಳೋ ಹಾಗಿಲ್ಲ. ನಮ್ಮಪ್ಪನೂ ಮಾಡ್ತಾರೆ. ನಮ್ಮಮ್ಮ ನನ್ನನ್ನ ಹಿಂಗೇ ಕೇಳಿದ್ರು.” ಝೀನತ್ ಅವಳನ್ನು ಓರೆಯಾಗಿ ನೋಡಿದಳು. “ಯಾಕಾಂಟಿ, ನಮ್ಮ ಮೇಷ್ಟ್ರೂನಾ?”

ಸರ್ವಮಂಗಳ ಮುಂದಿನ ಹಾಳೆ ತೆಗೆದಳು. ಒಬ್ಬ ಗಂಡಸಿನ ಪ್ರಶ್ನೆ: ಮನೆಯಲ್ಲಿ ಯಾರೂ ನನ್ನ ಮಾತಿಗೆ ಬೆಲೆ ಕೊಡುವುದಿಲ್ಲ. ಬರಹಗಾರರ ಉತ್ತರವನ್ನು ಅವಳು ಬೇಕೆಂದೇ ಕಟುವಾಗಿ, ಮೂಗು ಮುರಿಯುವ ದನಿಯಲ್ಲಿ ನುಡಿದಳು. ಈ ದನಿ ಮೇದಿನಿಗೆ ಅಂಟಿಕೊಂಡರೆ ಊರ ಗಂಡಸರು ಒಂದೇ ವಾರದಲ್ಲಿ ಫೋನ್ ಕೆಳಗಿಡುತ್ತಾರೆ ಎಂದು ಅವಳ ಹಂಚಿಕೆ.

“ಐವತ್ತೆರಡು,” ಎಂದಳು ಝೀನತ್. “ಇದು ನೀವು ಆಂಟಿ. ಅವಳಲ್ಲ.”

ಆ ಮಾತನ್ನು ಸರ್ವಮಂಗಳ ಬಸ್ಸಿನಲ್ಲಿ ಮನೆತನಕ ಹೊತ್ತು ತಂದಳು. ಸವತಿ ಎಂದರೆ ಸಾಮಾನ್ಯವಾಗಿ ಬಣ್ಣದಲ್ಲೋ ಪ್ರಾಯದಲ್ಲೋ ಮೇಲಾಗಿರುತ್ತಾಳೆ. ಅದನ್ನು ಆಡಿಕೊಂಡು ಸಮಾಧಾನ ಪಡಬಹುದು. ಇವಳು ತನ್ನದೇ ಗಂಟಲಿನಲ್ಲಿ ತನಗಿಂತ ಮೇಲಾಗಿದ್ದಳು. ಇವಳಿಗೆ ಮಂಡಿನೋವಿಲ್ಲ. ಇವಳು ಹೇಳಿದ್ದನ್ನೇ ಎರಡು ಸಲ ಹೇಳುವುದಿಲ್ಲ. ಗಂಡ ನಕ್ಕರೆ ಯಾಕೆ ನಕ್ಕಿರಿ ಎಂದು ಕೇಳುವುದಿಲ್ಲ. ತಾನು ಒಮ್ಮೆ ಹಾಗಿರಲು ನೋಡಿದರೇನು ಎಂದು ಸರ್ವಮಂಗಳ ಒಂದು ವಾರ ನೆಟ್ಟಗೆ ನಡೆದಳು, ಚುಟುಕಾಗಿ ಮಾತಾಡಿದಳು, ಸಾರಿಗೆ ಉಪ್ಪು ಹೆಚ್ಚಾದಾಗ “ಗಮನಿಸಿದ್ದೇನೆ” ಎಂದಳು. ಗುರುಮಲ್ಲಪ್ಪ ಎಲ್ಲಕ್ಕೂ “ಹ್ಞೂ” ಎಂದು ಊಟ ಮುಗಿಸಿ ಎದ್ದ.

ಮುಂದಿನ ಸೋಮವಾರ ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಕೊನೆಯ ಮಾತು ಆಡಿದಳು. ಮನೆಯ ಪದ್ಧತಿಯಂತೆ ಮೆಲ್ಲಗೇ ಆಡಿದಳು.

“ನಾನು ನಂಜನಗೂಡಿಗೆ ಹೋಗಿ ನಮ್ಮಕ್ಕನ ಮನೇಲೇ ಇದ್ಬಿಡ್ತೀನಿ. ನಿಮಗೂ ಅನುಕೂಲ.”

ಗುರುಮಲ್ಲಪ್ಪ ಹಿಂದೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವಳ ತೋಳು ಅಲುಗಿದ್ದನ್ನು ಕಂಡು, ಏನೋ ಹೇಳಿದಳೆಂದು ತಿಳಿದು, “ಒಳ್ಳೇದು, ಹೋಗ್ಬಾ,” ಎಂದ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ.

ಅವಳು ಒಲೆ ಆರಿಸಿದಳು. ಮರುದಿನ ನಾಲ್ಕು ಸೀರೆ ತೆಗೆದು ಚೀಲಕ್ಕೆ ಹಾಕಿದಳು. ಬುಧವಾರ ಎಂದಿನಂತೆ ಮೌನ. ಸ್ಲೇಟಿನಲ್ಲಿ ಬರೆಯಲೂ ಏನೂ ಇರಲಿಲ್ಲ. ಗುರುವಾರ ಸ್ಟುಡಿಯೋದ ಕೆಲಸ ಮುಗಿಸಿ ಅಲ್ಲಿಂದಲೇ ನಂಜನಗೂಡಿನ ಬಸ್ಸು ಹತ್ತುವುದೆಂದು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

“ಏನಾಂಟಿ, ಟೂರಾ?” ಎಂದಳು ಝೀನತ್.

“ಓದು ನಿನ್ನ ಪಟ್ಟಿ.”

ಹದಿನಾರು ಪ್ರಶ್ನೆಗಳು ಎಡವದೆ ಮುಗಿದವು. ಹದಿನೇಳನೆಯದು ಉದ್ದವಾಗಿದ್ದುದರಿಂದ ಝೀನತ್ ಯಂತ್ರದಿಂದಲೇ ಓದಿಸಿದಳು. ಗಂಡೋ ಹೆಣ್ಣೋ ತಿಳಿಯದ ಆ ಸಪಾಟು ದನಿ ಹೆಡ್‌ಫೋನಿನಲ್ಲಿ ಶುರುವಾಯಿತು.

“ಕ್ಯಾಪ್ಟನ್, ನನ್ನ ಕಸುಬು ಹಾರ್ಮೋನಿಯಂ ರಿಪೇರಿ. ಒಂದು ವರ್ಷದಿಂದ ಮೇಲಿನ ಸ್ವರಗಳು ಒಂದೊಂದಾಗಿ ಕೇಳಿಸದೆ ಹೋಗುತ್ತಿವೆ. ಸ್ವರ ಹೊರಡಿಸುವ ಹಿತ್ತಾಳೆ ರೀಡಿನ ಮೇಲೆ ಬೆರಳಿಟ್ಟು, ಅದರ ನಡುಕ ನೋಡಿ ಶ್ರುತಿ ಮಾಡುತ್ತೇನೆ. ಕಿವಿಯ ಯಂತ್ರ ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಹಾಕಿಕೊಂಡರೆ ಮೇಷ್ಟ್ರು ಕಿವುಡರೆಂದು ಸಂತೆಪೇಟೆಗೆಲ್ಲ ಗೊತ್ತಾಗುತ್ತದೆ. ಆಮೇಲೆ ರಿಪೇರಿಗೆ ಪೆಟ್ಟಿಗೆ ಯಾರು ತರುತ್ತಾರೆ? ನಿಮ್ಮ ಮಾತು ವೈರಿನಲ್ಲಿ ಕಿವಿಯೊಳಕ್ಕೇ ಬೀಳುವುದರಿಂದ ಕೇಳಿಸುತ್ತದೆ. ಹೆಂಡತಿಯ ಮಾತು ಕೇಳಿಸುವುದಿಲ್ಲ. ಅವಳು ಧ್ವನಿಯಿಂದ ಬದುಕುವವಳು, ಮನೆಯಲ್ಲಿ ಮೆಲ್ಲಗೆ ಮಾತಾಡುತ್ತಾಳೆ. ಹೇಳಿದರೆ ನನಗೋಸ್ಕರ ಗಟ್ಟಿಯಾಗಿ ಮಾತಾಡಿ ಗಂಟಲು ಹಾಳು ಮಾಡಿಕೊಳ್ಳುತ್ತಾಳೆ. ಅದಕ್ಕೇ ಎಲ್ಲದಕ್ಕೂ ಹ್ಞೂ ಎನ್ನುತ್ತಿದ್ದೇನೆ. ಅವಳಿಗೆ ಗೊತ್ತಾಗದ ಹಾಗೆ ಇನ್ನೆಷ್ಟು ದಿನ ನಡೆಸಬಹುದು? ಉಪಾಯವಿದ್ದರೆ ಹೇಳಿ.”

ಝೀನತ್ ಪರದೆ ನೋಡುತ್ತಿದ್ದಳು. ಗಾಜಿನ ಈಚೆ ನೋಡಲಿಲ್ಲ. “ಇದು ಅವಳಿಗೆ ಹೊಳೀಲೇ ಇಲ್ಲ ಆಂಟಿ. ಅವಳಿಗೆ ಮನೆನೇ ಇಲ್ವಲ್ಲ. ಮನೇಲಿ ಮುಚ್ಚಿಡೋದು ಅಂದ್ರೇನು ಅಂತ ಎಲ್ಲಿಂದ ಕಲೀಬೇಕು. ಹಾಳೆಯಲ್ಲಿ ಉತ್ತರ ಇದೆ ನೋಡಿ.”

ಸರ್ವಮಂಗಳಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅವನ ಕಿವಿ ಹೋಗಿದೆಯೆಂಬುದಕ್ಕಿಂತ, ಹೋದ ಸುದ್ದಿ ಮೊದಲು ಆ ಮೇದಿನಿಗೆ ಸಿಕ್ಕಿತಲ್ಲ ಎಂಬುದು ಎದೆಯಲ್ಲಿ ಉರಿಯಿತು.

“ಅಲ್ರೀ,” ಎಂದಳು ಮೈಕಿನೊಳಕ್ಕೆ, “ನನಗೊಂದು ಮಾತು ಹೇಳ್ಬಾರ್ದಾಗಿತ್ತೇನ್ರೀ?”

“ಹನ್ನೊಂದು,” ಎಂದಳು ಝೀನತ್. “ಆಂಟಿ, ಅವಳು ಅಲ್ರೀ ಅನ್ನಲ್ಲ.”

ಸರ್ವಮಂಗಳ ಹಾಳೆ ನೋಡಿದಳು. ಬರಹಗಾರರು ಬರೆದಿದ್ದರು: ‘ನೌಕೆಯಲ್ಲಿ ಬಿರುಕು ಕಂಡವನು ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಸಹಚಾಲಕಿ ನೀನು ಅಂದುಕೊಂಡಷ್ಟು ದುರ್ಬಲಳಲ್ಲ. ಇವತ್ತೇ ವರದಿ ಕೊಡು. ಮೂರು ನಿಮಿಷ ಸಾಕು.’

ಒಳ್ಳೆಯ ಉತ್ತರ. ತೊಂದರೆಯೇ ಅದು. ಇದನ್ನು ನುಡಿದರೆ ಅವನು ನಾಳೆ ಬೆಳಗ್ಗೆ ಹಿತ್ತಲ ಕಲ್ಲಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಾನೆ. ಎದ್ದು ಒಳಗೆ ಬಂದು ಎಲ್ಲ ಹೇಳುತ್ತಾನೆ. ಆಮೇಲೆ ಸಾಯುವತನಕ, ಕ್ಯಾಪ್ಟನ್ ಧೈರ್ಯ ಕೊಟ್ಟಿದ್ದಕ್ಕೆ ಹೇಳಿದೆ ಎಂದು ನೆನೆಯುತ್ತಾನೆ. ತನ್ನ ಸಂಸಾರ ಉಳಿಸಿದ ಕೀರ್ತಿಯೂ ಅವಳದೇ ಆಗುತ್ತದೆ.

ಅವಳು ಹೆಡ್‌ಫೋನ್ ತೆಗೆದಿಟ್ಟಳು. “ಇದನ್ನ ಪಟ್ಟಿಯಿಂದ ತೆಗಿ.”

“ಉತ್ತರ ಇದೆಯಲ್ಲ ಆಂಟಿ. ಕಣ್ಣು ಮುಚ್ಕೊಂಡು ಹೇಳಿದ್ರೂ ತೊಂಬತ್ತು ಬರುತ್ತೆ.”

“ಅವಳಿಗೆ ಕೊಡಲ್ಲ.”

“ಏನು ಕೊಡಲ್ಲ?”

“ಇದನ್ನ.”

ಝೀನತ್ ಹೆಗಲ ಚೀಲವನ್ನೂ ಅವಳ ಮುಖವನ್ನೂ ನೋಡಿದಳು, ಪರದೆಯ ಮೇಲಿನ ‘ಹಾರ್ಮೋನಿಯಂ’ ಎಂಬ ಪದವನ್ನೂ ನೋಡಿದಳು. ಆಮೇಲೆ ಹದಿನೇಳನೇ ಸಾಲನ್ನು ಅಳಿಸಿದಳು. “ಸಂತೆಪೇಟೆ ಕಡೆಗೆ ಹತ್ತು ನಿಮಿಷಕ್ಕೆ ಒಂದು ಬಸ್ಸಿದೆ ಆಂಟಿ,” ಎಂದಳು.

ಸಂತೆಪೇಟೆಯಲ್ಲಿ ಮಧ್ಯಾಹ್ನದ ಹೊತ್ತು. ಗುರುಮಲ್ಲಪ್ಪ ಅಂಗಡಿಯ ಬಾಗಿಲಿಗೆ ಬೆನ್ನು ಹಾಕಿ, ಬಿಚ್ಚಿದ ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂತಿದ್ದ. ಎಡಗೈಯಲ್ಲಿ ತಿದಿ ಒತ್ತುತ್ತ ಬಲಗೈ ಬೆರಳನ್ನು ರೀಡಿಗೆ ಮುಟ್ಟಿಸಿ, ಜ್ವರ ನೋಡುವವನಂತೆ ಕಣ್ಣು ಮುಚ್ಚಿದ್ದ.

“ರೀ,” ಎಂದಳು ಸರ್ವಮಂಗಳ, ನಾಲ್ಕು ವರ್ಷದ ಅಭ್ಯಾಸದಂತೆ ಮೆಲ್ಲಗೆ.

ಅವನು ತಿರುಗಲಿಲ್ಲ. ಅವಳು ಮೆಟ್ಟಿಲ ಬಳಿಗೆ ಬಂದಳು. ಆಮೇಲೆ ಹಿಂದೆ ಕಂಪನಿಯ ಡೇರೆಯಲ್ಲಿ ಕಟ್ಟಕಡೆಯ ಚಾಪೆಯವನಿಗೂ ಮುಟ್ಟಿಸಬೇಕಾದಾಗ ಎಳೆದುಕೊಳ್ಳುತ್ತಿದ್ದ ಉಸಿರನ್ನು ಎಳೆದುಕೊಂಡಳು.

“ಗುರುಮಲ್ಲಪ್ಪನೋರೇ.”

ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಎದುರು ಪಾತ್ರೆ ಅಂಗಡಿಯ ಸಿದ್ದರಾಜು ತಕ್ಕಡಿ ಕೆಳಗಿಟ್ಟ. ಗುರುಮಲ್ಲಪ್ಪ ತಿರುಗಿದ.

“ಯಾಕೆ ಹಾಗೆ ಕೂಗ್ತೀಯ? ಗಂಟಲು.”

“ಗಂಟಲು ನಂದು. ಕಿವಿ ಕೇಳ್ಸಲ್ಲ ಅಂತ ಅವಳಿಗೆ ಮೊದಲು ಹೇಳಿದ್ರಂತಲ್ಲ.”

ಅವನು ತಿದಿ ಬಿಟ್ಟ. ಬೀದಿಯ ಕಡೆ ನೋಡಿದ. “ಅವಳು ನಿಂಗೆ ಹೇಳಿದ್ಲಾ?”

“ಅವಳ್ಯಾರು ನನಗೆ ಹೇಳಕ್ಕೆ? ಅವಳಿಗೆ ಗೊತ್ತಿಲ್ಲದೇ ಇರೋದೆಲ್ಲ ನನ್ನ ಹತ್ರಾನೇ ಬರೋದು. ಒಂದು ವರ್ಷ, ರೀ. ನಂಜನಗೂಡಿಗೆ ಹೋಗಿ ಅಲ್ಲೇ ಇದ್ಬಿಡ್ತೀನಿ ಅಂದೆ. ಒಳ್ಳೇದು ಹೋಗ್ಬಾ ಅಂದ್ರಿ.”

“ಹಾಗಂದ್ಯಾ?” ಗುರುಮಲ್ಲಪ್ಪ ನಿಜಕ್ಕೂ ಗಾಬರಿಯಾದ. “ಅವತ್ತು ಸೋಮವಾರ ಅಲ್ವಾ. ರಾಗಿ ಬೀಸಿಸ್ಕೊಂಡು ಬರಕ್ಕೆ ಹೋಗ್ತೀನಿ ಅಂದಿರ್ತೀಯ ಅಂದ್ಕೊಂಡೆ.”

“ವಾರ ನೋಡ್ಕೊಂಡು ಉತ್ತರ ಕೊಡ್ತಿದ್ರಾ ನನಗೆ?”

“ಮಂಗಳವಾರ ಗ್ಯಾಸು, ಶುಕ್ರವಾರ ಹೂವು. ಸುಮಾರಾಗಿ ಸರಿಹೋಗ್ತಿತ್ತು.”

“ಮಂಗಳಮ್ಮ,” ಎಂದ ಸಿದ್ದರಾಜು ಎದುರಿನಿಂದ, “ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರೆ ಇಡೀ ಪೇಟೆಗೆ ಕೇಳ್ಸುತ್ತೆ.”

“ಕೇಳ್ಸ್ಲಿ ಸಿದ್ದರಾಜಣ್ಣ. ನಮ್ಮ ಮನೆಯೋರಿಗೆ ಕಿವಿ ಮಂದ ಆಗಿದೆ. ನಾಳೆಯಿಂದ ಯಂತ್ರ ಹಾಕ್ಕೊತಾರೆ. ಶ್ರುತಿ ಬೆರಳಲ್ಲಿ ಮಾಡ್ತಾರೆ, ಒಂದು ವರ್ಷದಿಂದ ಹಾಗೇ ಮಾಡ್ತಿದ್ದಾರೆ, ಒಬ್ಬ ಗಿರಾಕಿನಾದ್ರೂ ಸ್ವರ ಸರಿಯಿಲ್ಲ ಅಂತ ವಾಪಸ್ ತಂದಿದ್ರೆ ಈಗ ಹೇಳ್ಲಿ.”

ಯಾರೂ ಹೇಳಲಿಲ್ಲ. ಒಂದು ವರ್ಷ ಕಾಪಾಡಿದ ಗುಟ್ಟು ಅರ್ಧ ನಿಮಿಷದಲ್ಲಿ ಗಾಂಧಿ ಚೌಕದ ಕಡೆಗೆ ನಡೆದುಹೋಯಿತು. ಗುರುಮಲ್ಲಪ್ಪ ಅದರ ಬೆನ್ನು ನೋಡುತ್ತ ನಿಂತವನು, ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವೆಂದು ಕಂಡಮೇಲೆ, ತನ್ನ ಪಾಲಿನ ಜಗಳಕ್ಕೆ ಬಂದ.

“ನೀನೇನು ಕಡಿಮೆನಾ? ನಾಲ್ಕು ವರ್ಷದಿಂದ ಮನೇಲಿ ಪಿಸಪಿಸ. ಬುಧವಾರ ಸ್ಲೇಟು. ತುಂಬಿದ ಧ್ವನಿಯೆಲ್ಲ ಎತ್ತಿ ಅವಳಿಗೆ ಕೊಟ್ಟೆ. ಹೆಂಡತಿ ಧ್ವನಿ ಕೇಳ್ಬೇಕಂದ್ರೆ ನಾನು ಅವಳಿಗೆ ಫೋನ್ ಮಾಡ್ಬೇಕಿತ್ತು. ನನಗೆ ಹೊಟ್ಟೆಕಿಚ್ಚಿರಲ್ವಾ?”

ಇದನ್ನು ಸರ್ವಮಂಗಳ ನಿರೀಕ್ಷಿಸಿರಲಿಲ್ಲ. ಹೆಗಲಿನ ಚೀಲವನ್ನು ಇಳಿಸಿ ಅಂಗಡಿಯ ಮೆಟ್ಟಿಲ ಮೇಲಿಟ್ಟಳು. ಸಿಟ್ಟು ಇಳಿದಿತ್ತು, ಹೊಟ್ಟೆಕಿಚ್ಚು ಇಳಿದಿರಲಿಲ್ಲ.

“ದಿನಾ ಅವಳ ಹತ್ರ ಏನು ಮಾತಾಡ್ತಿದ್ರಿ?”

“ನಿನ್ನ ವಿಷಯಾನೇ. ಬೇರೆ ಏನಿದೆ ನನಗೆ.”

“ನಗ್ತಿದ್ರಿ.”

“ನೀನು ನಾಟಕದಲ್ಲಿ ಸಿಂಹಾಸನದ ಸಮೇತ ಬಿದ್ದಿದ್ದು ಹೇಳ್ತಿದ್ದೆ.”

“ಅವಳೇನಂದ್ಲು?”

ಗುರುಮಲ್ಲಪ್ಪ ಬಿಚ್ಚಿದ ಪೆಟ್ಟಿಗೆಯ ಕಡೆ ತಿರುಗಿದ. “ಅಂಥವಳನ್ನ ನೌಕೆಗೆ ಸೇರಿಸ್ಕೊಳ್ಳಕ್ಕಾಗಲ್ಲ ಅಂದ್ಲು. ಶಿಸ್ತಿಲ್ಲ ಅಂತೆ.”

“ಅವಳಿಗೆ ಮಾತು ಕಲಿಸಿದ್ದು ನಾನು,” ಎಂದಳು ಸರ್ವಮಂಗಳ. ಆಮೇಲೆ ಅವಳು ಕ್ಯಾಪ್ಟನ್ ಮೇದಿನಿಯ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಸಂತೆಪೇಟೆಯವರು ಕೆಲಸ ಬಿಟ್ಟು ಕೇಳಿದರು. ಗುರುಮಲ್ಲಪ್ಪನಿಗೂ ಒಂದೊಂದು ಪದವೂ ಕೇಳಿಸಿತು.

ಕಿವಿಯ ಯಂತ್ರ ತಯಾರಾಗಲು ಎಂಟು ದಿನ ಹಿಡಿಯಿತು. ಅದುವರೆಗೆ ಆ ಮನೆಯಲ್ಲಿ ಒಂದು ವರ್ಷದಿಂದ ‘ಹ್ಞೂ’ಗೆ ಬಲಿಯಾಗಿದ್ದ ಮಾತುಗಳನ್ನೆಲ್ಲ ಮೊದಲಿಂದ ಆಡಬೇಕಾಯಿತು. ಅಕ್ಕನ ಮಗಳ ಮದುವೆ, ಸೋರುವ ನಲ್ಲಿ, ಮಂಡಿನೋವು, ಶ್ರಾವಣದಲ್ಲಿ ಕಂಡ ಒಂದು ಕನಸು. ಬುಧವಾರವೂ ಆಡಿದಳು. ನೆರೆಯವರಿಗೆ ಎಲ್ಲ ವಿಷಯ ತಿಳಿಯಿತು.

ಮುಂದಿನ ಗುರುವಾರ ಗಾಜಿನ ಕೋಣೆಯಲ್ಲಿ ಅವಳು ಮೊದಲ ಪ್ರಶ್ನೆಗೆ ಉತ್ತರ ನುಡಿದಾಗ ಝೀನತ್ ಮಾಪಕವನ್ನು ತಟ್ಟಿ ನೋಡಿದಳು.

“ಮೂವತ್ತೊಂದು. ಇನ್ನೊಂದ್ಸಲ ಹೇಳಿ ಆಂಟಿ.”

ಸರ್ವಮಂಗಳ ಹೇಳಿದಳು. ಒಡೆದ ಬಿದಿರಿನ ಹಾಗಿತ್ತು.

“ಇಪ್ಪತ್ತಾರು. ಇವತ್ತು ಒಂದೂ ಆಗಲ್ಲ ಅನ್ಸುತ್ತೆ. ಅವಳನ್ನ ಇನ್ನೊಂದು ವಾರ ಮರೇಲೇ ಇಡ್ಬೇಕು.” ಝೀನತ್ ಮೈಕಿನ ಗುಂಡಿ ಆರಿಸಿದಳು. “ಧ್ವನಿ ಎಲ್ಲಾಂಟಿ?”

“ಮನೇಲಿ ಖರ್ಚಾಯ್ತು,” ಎಂದಳು ಸರ್ವಮಂಗಳ.